ಬಾಣಂತಿಗೆ ಪ್ಯಾಡ್ ಆರಿಸುವುದು ಹೇಗೆ: ಆಸ್ಪತ್ರೆ ಬ್ಯಾಗಿನಿಂದ ಆರನೇ ವಾರದವರೆಗೆ

ನನ್ನ ಮೊದಲ ಹೆರಿಗೆಗೆ ತವರಿನಲ್ಲಿ ಎಲ್ಲವೂ ತಯಾರಾಗಿತ್ತು. ಮಗುವಿಗೆ ಕುಲಾವಿ, ಮೆತ್ತನೆಯ ಬಟ್ಟೆ. ನನಗೆ ಅಂಟಿನುಂಡೆಗೆ ಒಣಕೊಬ್ಬರಿ, ಸ್ನಾನಕ್ಕೆ ಸೀಗೆಪುಡಿ, ತಲೆಗೆ ಕಟ್ಟಿಕೊಳ್ಳಲು ಸ್ಕಾರ್ಫ್. ಪ್ಯಾಡ್ ಬಗ್ಗೆ ಮಾತ್ರ ಯಾರೂ ಯೋಚಿಸಿರಲಿಲ್ಲ. ತಿಂಗಳು ತಿಂಗಳು ಬಳಸುವುದೇ ಅಲ್ವಾ ಅಂದುಕೊಂಡು ತೆಳುವಾದ ಪ್ಯಾಡಿನ ಎರಡು ಪ್ಯಾಕೆಟ್ ಬ್ಯಾಗಿಗೆ ಹಾಕಿಕೊಂಡಿದ್ದೆ. ಹೆರಿಗೆಯಾದ ರಾತ್ರಿ ಮಂಚದಿಂದ ಇಳಿದು ನಿಂತ ಕೂಡಲೇ ಅದನ್ನು ದಾಟಿ ರಕ್ತ ಪಾದದವರೆಗೆ ಇಳಿಯಿತು. ಮರುದಿನ ಅದರ ಮೇಲಿನ ಬಲೆಯಂಥ ಪ್ಲಾಸ್ಟಿಕ್ ಪದರ ಹೊಲಿಗೆಗೆ ಅಂಟಿಕೊಂಡಿತು. ಬಿಡಿಸುವಾಗ ಆದ ನೋವು ಇವತ್ತಿಗೂ ನೆನಪಿದೆ.

ಎರಡನೇ ಹೆರಿಗೆಗೆ ನಾನೇ ಕೂತು ಎಲ್ಲ ತಿಳಿದುಕೊಂಡೆ. ಆಮೇಲೆ ತಂಗಿಗೆ ಸಿಸೇರಿಯನ್ ಆದಾಗ ಅವಳ ಬಾಣಂತನದ ಜೊತೆಗಿದ್ದೆ. ಕಲಿತದ್ದು ಮುಖ್ಯವಾಗಿ ಇಷ್ಟು: ಬಾಣಂತಿಯ ಪ್ಯಾಡಿಗೆ ರಕ್ತ ಹೀರುವುದೊಂದೇ ಕೆಲಸವಲ್ಲ. ಹಸಿ ಗಾಯಕ್ಕೆ ಅದು ಮೆತ್ತಗಿರಬೇಕು. ಜೊತೆಗೆ ಎಷ್ಟು ರಕ್ತ ಹೋಗುತ್ತಿದೆ ಅಂತ ಕಣ್ಣಿಗೆ ಕಾಣುವ ಹಾಗೆ ತೋರಿಸಬೇಕು. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅಂಗಡಿಯಲ್ಲಿ ಯಾವುದನ್ನು ತೆಗೆದುಕೊಳ್ಳಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ಮೊದಲು ಸ್ರಾವ ಹೇಗೆ ಬದಲಾಗುತ್ತದೆ ಅಂತ ತಿಳಿದುಕೊಳ್ಳಿ

ಮಗುವಿನ ಹಿಂದೆ ಮಾಸು ಕಿತ್ತು ಬರುತ್ತದಲ್ಲ, ಗರ್ಭಕೋಶದ ಒಳಗೆ ಅದು ಅಂಟಿಕೊಂಡಿದ್ದ ಜಾಗ ಒಂದು ದೊಡ್ಡ ಹಸಿ ಗಾಯ. ಅದು ಮಾಯುವವರೆಗೂ ರಕ್ತ ಹೋಗುತ್ತದೆ. ಹಾಗಾಗಿ ಸಿಸೇರಿಯನ್ ಆದವರಿಗೂ ಪ್ಯಾಡ್ ಬೇಕೇ ಬೇಕು. "ಹೊಟ್ಟೆಯಿಂದ ತೆಗೆದ್ರಲ್ಲ, ಕೆಳಗೆ ಯಾಕೆ ಹೋಗತ್ತೆ" ಅಂತ ನನ್ನ ತಂಗಿಯೇ ಕೇಳಿದ್ದಳು. ಸ್ವಲ್ಪ ಕಡಿಮೆ ಇರಬಹುದು, ಆದರೆ ಹೋಗುತ್ತದೆ.

ಮೊದಲ ಮೂರು ನಾಲ್ಕು ದಿನ ಕಡುಗೆಂಪು, ಜಾಸ್ತಿ, ನಡುವೆ ಸಣ್ಣ ಸಣ್ಣ ಗಡ್ಡೆಗಳು. ಆಮೇಲೆ ಹತ್ತು ದಿನದ ಆಸುಪಾಸಿನವರೆಗೆ ನಸುಗೆಂಪು ಅಥವಾ ಕಂದು, ನೀರು ನೀರಾಗಿ. ಅದಾದ ಮೇಲೆ ಹಳದಿ ಬಿಳಿ. ಒಟ್ಟು ನಾಲ್ಕರಿಂದ ಆರು ವಾರ ನಡೆಯುತ್ತದೆ. ಮಗು ಹಾಲು ಕುಡಿಯುವಾಗ ಹೊಟ್ಟೆ ಹಿಂಡಿದಂತಾಗಿ ಸ್ವಲ್ಪ ಜಾಸ್ತಿ ಹೋದರೆ ಹೆದರಬೇಡಿ. ಆಗ ಗರ್ಭಕೋಶ ಬಿಗಿಯಾಗುತ್ತಿರುತ್ತದೆ, ಅದು ಒಳ್ಳೆಯದೇ. ತುಂಬಾ ಹೊತ್ತು ಮಲಗಿ ಎದ್ದಾಗ ಒಮ್ಮೆಲೇ ಸುರಿದಂತೆ ಆಗುವುದೂ ಹಾಗೆಯೇ, ಒಳಗೆ ನಿಂತಿದ್ದದ್ದು ಇಳಿಯುತ್ತದೆ ಅಷ್ಟೆ.

ಇಷ್ಟು ಗೊತ್ತಾದರೆ ಒಂದೇ ನಮೂನೆಯ ಪ್ಯಾಡನ್ನು ಮೂಟೆಗಟ್ಟಲೆ ತಂದಿಡುವ ತಪ್ಪು ಮಾಡುವುದಿಲ್ಲ. ಮೊದಲ ಮೂರು ದಿನಕ್ಕೆ ಒಂದು ಬಗೆ, ಹತ್ತು ಹದಿನೈದು ದಿನದವರೆಗೆ ಇನ್ನೊಂದು, ಆಮೇಲೆ ಮತ್ತೊಂದು.

ಆಸ್ಪತ್ರೆ ಬ್ಯಾಗಿಗೆ ಎಷ್ಟು, ಯಾವುದು

ಎಂಟನೇ ತಿಂಗಳು ಮುಗಿಯುವ ಹೊತ್ತಿಗೆ ತಂದಿಟ್ಟುಕೊಳ್ಳಿ. ನಿಮ್ಮ ಆಸ್ಪತ್ರೆಯವರು ಪ್ಯಾಡ್ ಕೊಡುತ್ತಾರೋ, ನೀವೇ ತರಬೇಕೋ ಅಂತ ಚೆಕಪ್‌ಗೆ ಹೋದಾಗಲೇ ಸಿಸ್ಟರ್ ಹತ್ತಿರ ಕೇಳಿ. ಕೆಲವು ಕಡೆ ಕೊಟ್ಟು ಬಿಲ್ಲಿಗೆ ಸೇರಿಸುತ್ತಾರೆ, ಕೆಲವು ಕಡೆ ಹೆರಿಗೆ ಕೋಣೆಗೆ ಹೋಗುವಾಗಲೇ ಕೈಗೆ ಚೀಟಿ ಕೊಟ್ಟು ತನ್ನಿ ಅನ್ನುತ್ತಾರೆ. ಆ ಗಡಿಬಿಡಿಯಲ್ಲಿ ಗಂಡನೋ ತಮ್ಮನೋ ಅಂಗಡಿಗೆ ಓಡಿ ಸಿಕ್ಕಿದ್ದನ್ನು ತರುತ್ತಾರೆ, ಅವರಿಗೆ ಮೊದಲೇ ಹೇಳಿಕೊಡದೆ ಇದ್ದರೆ ಅದು ಅವರ ತಪ್ಪಲ್ಲ.

ಮೊದಲ ದಿನ ಎರಡು ಮೂರು ಗಂಟೆಗೊಮ್ಮೆ ಬದಲಾಯಿಸಬೇಕಾಗುತ್ತದೆ ಅಂತ ಲೆಕ್ಕ ಹಾಕಿ. ದಿನಕ್ಕೆ 8ರಿಂದ 10. ನಾರ್ಮಲ್ ಆದರೆ ಎರಡು ದಿನ, ಸಿಸೇರಿಯನ್ ಆದರೆ ನಾಲ್ಕೈದು ದಿನ ಆಸ್ಪತ್ರೆಯಲ್ಲಿ ಇರಬೇಕಾಗಬಹುದು. ಮೊದಲ ಎರಡು ದಿನದ ಲೆಕ್ಕಕ್ಕೆ ಬ್ಯಾಗಿಗೆ 20 ದಪ್ಪ ಪ್ಯಾಡ್ ಹಾಕಿ, ಹೆಚ್ಚು ದಿನ ಇರಬೇಕಾದರೆ ಆಮೇಲೆ ತರಿಸಿಕೊಳ್ಳಿ. ಅದಕ್ಕಿಂತ ಜಾಸ್ತಿ ಮೊದಲೇ ಬೇಡ. ಯಾವುದು ನಿಮ್ಮ ಚರ್ಮಕ್ಕೆ ಹೊಂದುತ್ತದೆ ಅಂತ ಹೆರಿಗೆಯಾದ ಮೇಲೇ ಗೊತ್ತಾಗುವುದು. ಮನೆಗೆ ಬಂದ ಮೇಲೆ ಹೊಂದಿದ್ದನ್ನೇ ಮತ್ತೆ ತರಿಸಬಹುದು.

ಜೊತೆಗೆ ಇವನ್ನೂ ಹಾಕಿ: ಒಂದು ಸೈಜ್ ದೊಡ್ಡದಾದ, ಸೊಂಟದವರೆಗೆ ಬರುವ ಐದಾರು ಹತ್ತಿ ಪ್ಯಾಂಟಿ, ಕಡುಬಣ್ಣದ್ದು. ಹಾಸಿಗೆ ಮೇಲೆ ಹಾಸಲು ನಾಲ್ಕೈದು ಅಂಡರ್‌ಪ್ಯಾಡ್. ಅಂಡರ್‌ಪ್ಯಾಡ್ ಸಿಗದಿದ್ದರೆ ರಬ್ಬರ್ ಶೀಟ್ ಹಾಸಿ ಮೇಲೆ ಹಳೇ ಪಂಚೆ ಮಡಚಿ ಹಾಕಿದರೆ ಆಯಿತು. ಬಳಸಿದ್ದನ್ನು ಸುತ್ತಲು ಹಳೇ ಪೇಪರ್. ಅದನ್ನು ಎಲ್ಲರೂ ಮರೆಯುತ್ತಾರೆ.

ಅಂಗಡಿಯಲ್ಲಿ ಪ್ಯಾಕೆಟ್ ತಿರುಗಿಸಿ ನೋಡಿ

ಮೆಡಿಕಲ್ ಶಾಪಿನಲ್ಲಿ ಡೆಲಿವರಿ ಪ್ಯಾಡ್ ಅಥವಾ ಮೆಟರ್ನಿಟಿ ಪ್ಯಾಡ್ ಅಂತ ಕೇಳಿದರೆ ಕೊಡುತ್ತಾರೆ. ಪೇಪರ್ ಸುತ್ತಿ ಕಪ್ಪು ಕವರಿಗೆ ಹಾಕುವ ಮೊದಲು ಕೈಗೆ ತೆಗೆದುಕೊಂಡು ಓದಿ. ನಾಚಿಕೆ ಪಡಬೇಡಿ, ದುಡ್ಡು ಕೊಡುವವರು ನೀವು.

ಮೊದಲು ಉದ್ದ. ಪ್ಯಾಕೆಟ್ ಮೇಲೆ ಮಿಲಿಮೀಟರಿನಲ್ಲಿ ಇರುತ್ತದೆ. ಮಾಮೂಲಿ ಪ್ಯಾಡ್ 230-240 ಮಿಲಿಮೀಟರ್ ಬರುತ್ತದೆ, ಬಾಣಂತಿಗೆ ಅದು ಸಾಲದು. ಬಾಣಂತಿ ಹೆಚ್ಚು ಹೊತ್ತು ಮಲಗಿಯೇ ಇರುತ್ತಾಳೆ, ರಕ್ತ ಹಿಂದಕ್ಕೆ ಹರಿಯುತ್ತದೆ. 320ಕ್ಕಿಂತ ಮೇಲಿನದ್ದು ಬೇಕು, 350-400 ಸಿಕ್ಕರೆ ಇನ್ನೂ ಒಳ್ಳೆಯದು. ಹಿಂಭಾಗ ಅಗಲವಾಗಿದೆಯಾ ನೋಡಿ.

ಆಮೇಲೆ ಮೇಲಿನ ಪದರ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಡ್ರೈ ನೆಟ್ ಅಂತ ಇರುವುದು ತೂತು ತೂತಾದ ಪ್ಲಾಸ್ಟಿಕ್ ಹಾಳೆ. ಮುಟ್ಟಿನ ದಿನಗಳಲ್ಲಿ ಒಣಗಿದಂತೆ ಅನಿಸುತ್ತದೆ ಅಂತ ತುಂಬಾ ಜನಕ್ಕೆ ಇಷ್ಟ. ಹೊಲಿಗೆ ಇರುವಾಗ ಅದು ಉಜ್ಜುತ್ತದೆ, ಅಂಟಿಕೊಳ್ಳುತ್ತದೆ. ಬಾಣಂತಿ ಕೋಣೆಯ ಸೆಕೆಗೆ ಬೆವರು ಸೇರಿ ತುರಿಕೆ, ಗುಳ್ಳೆ ಬರುತ್ತದೆ. ಕಾಟನ್ ಅಥವಾ ಸಾಫ್ಟ್ ಕವರ್ ಅಂತ ಬರೆದದ್ದನ್ನು ತೆಗೆದುಕೊಳ್ಳಿ. ಒಂದನ್ನು ಬಿಚ್ಚಿ ತುಟಿಗೆ ಅಥವಾ ಕೆನ್ನೆಗೆ ಸವರಿ ನೋಡಿ. ಅಲ್ಲಿ ಒರಟು ಅನಿಸಿದರೆ ಗಾಯಕ್ಕೆ ಖಂಡಿತ ಒರಟು.

ಸುವಾಸನೆ ಇರುವುದು ಬೇಡವೇ ಬೇಡ. ಚರ್ಮ ಉರಿಯುತ್ತದೆ ಅನ್ನುವುದು ಒಂದು, ನಂಜಾದರೆ ಬರುವ ಕೆಟ್ಟ ವಾಸನೆಯನ್ನು ಅದು ಮುಚ್ಚಿಬಿಡುತ್ತದೆ ಅನ್ನುವುದು ಇನ್ನೊಂದು.

ಜೆಲ್ ವಿಷಯಕ್ಕೆ ಬರೋಣ. ತೆಳು ಪ್ಯಾಡುಗಳ ಒಳಗೆ ಸಕ್ಕರೆ ಹರಳಿನಂಥ ಪುಡಿ ಇರುತ್ತದೆ, ಅದು ನೀರು ಹೀರಿ ಜೆಲ್ ಆಗುತ್ತದೆ. ಹೀರುವುದು ಚೆನ್ನಾಗಿ ಹೀರುತ್ತದೆ. ಆದರೆ ಮೇಲೆ ಅಷ್ಟಾಗಿ ಏನೂ ಕಾಣುವುದಿಲ್ಲ. ಮೊದಲ ಒಂದೆರಡು ದಿನ ಎಷ್ಟು ಹೋಯಿತು ಅಂತ ಕಾಣಬೇಕು, ಹಾಗಾಗಿ ಆಗ ಬರೀ ಹತ್ತಿ ಅಥವಾ ಮರದ ನಾರಿನ ತಿರುಳು ತುಂಬಿದ ದಪ್ಪ ಪ್ಯಾಡೇ ಸರಿ. ಮೆಟರ್ನಿಟಿ ಅಂತ ಬರೆದ ಮಾತ್ರಕ್ಕೆ ಜೆಲ್ ಇಲ್ಲ ಅಂತ ಅಲ್ಲ, ಹಿಂದೆ ಓದಿ. ಎರಡನೇ ವಾರದಿಂದ ಜೆಲ್ ಇರುವುದು ಬಳಸಿದರೂ ತೊಂದರೆ ಇಲ್ಲ.

ಪ್ಯಾಂಟಿ ಹಾಕದೆ ಸೀರೆ, ನೈಟಿಯಲ್ಲೇ ಇರುವ ಬಾಣಂತಿಯರಿಗೆ ಎರಡೂ ತುದಿಗೆ ಕುಣಿಕೆ ಇರುವ ಪ್ಯಾಡ್ ಬರುತ್ತದೆ. ಸೊಂಟಕ್ಕೆ ಎಲಾಸ್ಟಿಕ್ ಪಟ್ಟಿ ಹಾಕಿ ಅದಕ್ಕೆ ಸಿಕ್ಕಿಸುವುದು. ಹಳ್ಳಿ ಕಡೆ ಅಜ್ಜಿಯರಿಗೆ ಇದನ್ನು ಒಪ್ಪಿಸುವುದು ಸುಲಭ, ಏಕೆಂದರೆ ಅವರು ದಾರ ಕಟ್ಟಿ ಬಟ್ಟೆ ಇಡುತ್ತಿದ್ದದ್ದೂ ಹೀಗೆಯೇ. ಓಡಾಡುವಾಗ ಮಾತ್ರ ಅದು ಸರಿಯುತ್ತದೆ.

ಬೆಲೆ ನೋಡುವಾಗ ಪ್ಯಾಕೆಟ್ಟಿನ ಬೆಲೆ ನೋಡಬೇಡಿ, ಒಂದಕ್ಕೆ ಎಷ್ಟು ಬೀಳುತ್ತದೆ ಅಂತ ಭಾಗಿಸಿ.

ಎರಡು ಬಗೆಯ ನಡುವೆ ಗೊಂದಲ ಇದ್ದರೆ ಒಂದೊಂದು ಚಿಕ್ಕ ಪ್ಯಾಕೆಟ್ ತಂದು ಮನೆಯಲ್ಲೇ ಪರೀಕ್ಷೆ ಮಾಡಿ. ಒಂದು ಲೋಟ ನೀರಿಗೆ ಕಾಲು ಚಮಚ ಉಪ್ಪು ಕದಡಿ. ಸಾದಾ ನೀರು ಬೇಡ, ಜೆಲ್ ಸಾದಾ ನೀರನ್ನು ಉಪ್ಪುನೀರಿಗಿಂತ ಎಷ್ಟೋ ಪಟ್ಟು ಹೆಚ್ಚು ಹೀರಿ ನಿಮ್ಮನ್ನು ದಾರಿ ತಪ್ಪಿಸುತ್ತದೆ, ರಕ್ತದಲ್ಲಿ ಉಪ್ಪಿನಂಶ ಇರುತ್ತದಲ್ಲ. ಅರ್ಧ ಲೋಟವನ್ನು ನಿಧಾನವಾಗಿ ಪ್ಯಾಡಿನ ಹಿಂದಿನ ಅರ್ಧಕ್ಕೆ ಹುಯ್ಯಿರಿ. ಎರಡು ನಿಮಿಷ ಬಿಟ್ಟು ಒಣ ಬಟ್ಟೆ ಇಟ್ಟು ಅಂಗೈಯಿಂದ ಒತ್ತಿ. ಬಟ್ಟೆ ಎಷ್ಟು ಒದ್ದೆಯಾಯಿತು, ಅಂಚಿನಿಂದ ಹರಿಯಿತಾ, ಒಳಗಿನ ಹತ್ತಿ ಮುದ್ದೆಯಾಗಿ ಒಂದು ಕಡೆ ಸರಿಯಿತಾ ನೋಡಿ. ಮುದ್ದೆಯಾಗುವುದನ್ನು ಬಿಟ್ಟುಬಿಡಿ.

ಕೆಳಗೆ ಹೊಲಿಗೆ, ಹೊಟ್ಟೆ ಮೇಲೆ ಹೊಲಿಗೆ

ನಾರ್ಮಲ್ ಹೆರಿಗೆಯಲ್ಲಿ ಕೆಳಗೆ ಹೊಲಿಗೆ ಹಾಕಿದ್ದರೆ ರೆಕ್ಕೆ ಇರುವ ಪ್ಯಾಡಿನ ಅಂಚು ತೊಡೆಸಂದಿಗೆ ತಾಗದ ಹಾಗೆ ನೋಡಿಕೊಳ್ಳಿ. ಪ್ರತಿ ಸಲ ಮೂತ್ರ ಮಾಡಿದ ಮೇಲೆ ಉಗುರುಬೆಚ್ಚಗಿನ ನೀರನ್ನು ಮುಂದಿನಿಂದ ಹಿಂದಕ್ಕೆ ಹುಯ್ದು ತೊಳೆದು, ಮೆತ್ತನೆಯ ಬಟ್ಟೆಯಲ್ಲಿ ಒತ್ತಿ ಒರೆಸಿ, ಉಜ್ಜಬೇಡಿ. ಪೂರ್ತಿ ಒಣಗಿದ ಮೇಲೇ ಹೊಸ ಪ್ಯಾಡ್. ಪ್ಯಾಡ್ ಅಂಟಿಕೊಂಡಿದ್ದರೆ ನಾನು ಮಾಡಿದ ಹಾಗೆ ಎಳೆಯಬೇಡಿ. ಬೆಚ್ಚಗಿನ ನೀರು ಹುಯ್ದು ಒಂದು ನಿಮಿಷ ಬಿಡಿ, ತಾನಾಗಿ ಬಿಡುತ್ತದೆ. ನೀರಿಗೆ ಡೆಟಾಲ್ ಹಾಕಬೇಕಾ ಅಂತ ಮನೆಯಲ್ಲಿ ಚರ್ಚೆ ಆಗುತ್ತದೆ. ಡಾಕ್ಟರ್ ಹೇಳದೆ ಏನೂ ಹಾಕಬೇಡಿ, ಬರೀ ನೀರು ಸಾಕು.

ಸಿಸೇರಿಯನ್ ಆದವರಿಗೆ ತೊಂದರೆ ಪ್ಯಾಡಿನದ್ದಲ್ಲ, ಪ್ಯಾಂಟಿಯದ್ದು. ಸಾಮಾನ್ಯವಾಗಿ ಹೊಲಿಗೆ ಹೊಟ್ಟೆಯ ಕೆಳಗೆ ಅಡ್ಡಕ್ಕೆ ಇರುತ್ತದೆ, ಸರಿಯಾಗಿ ಎಲಾಸ್ಟಿಕ್ ಕೂರುವ ಜಾಗದಲ್ಲೇ. ಸೊಂಟದ ಮೇಲೆ ಬರುವ ಪ್ಯಾಂಟಿಯೇ ಬೇಕು. ಮೊದಲ ದಿನ ತಂಗಿಗೆ ಬಗ್ಗಲು ಆಗುತ್ತಿರಲಿಲ್ಲ, ಪ್ಯಾಡ್ ನಾನೇ ಬದಲಾಯಿಸಿದೆ. ಅಂಥ ಕೆಲಸಕ್ಕೆ ಯಾರು ಜೊತೆಗಿರಬೇಕು ಅಂತ ಬಾಣಂತಿಯನ್ನೇ ಕೇಳಿ ಮೊದಲೇ ಗೊತ್ತು ಮಾಡಿಕೊಳ್ಳಿ. ಅತ್ತೆಯ ಹತ್ತಿರ ಸಂಕೋಚ ಪಡುವವಳು ಒದ್ದೆ ಪ್ಯಾಡಿನಲ್ಲೇ ನಾಲ್ಕು ಗಂಟೆ ಮಲಗಿರುತ್ತಾಳೆ, ಬಾಯಿ ಬಿಟ್ಟು ಹೇಳುವುದಿಲ್ಲ.

ಡಯಾಪರ್ ಪ್ಯಾಂಟ್ ತಗೋಬಹುದಾ?

ತಗೋಬಹುದು. ಆಸ್ಪತ್ರೆಯಿಂದ ಮನೆಗೆ ಬರುವ ದಾರಿಗೆ, ರಾತ್ರಿ ನಿದ್ದೆಗೆ ತುಂಬಾ ಅನುಕೂಲ. ದೂರದ ಊರಿಗೆ ಕಾರಿನಲ್ಲಿ ಹೋಗುವವರು ಒಂದೆರಡು ಇಟ್ಟುಕೊಳ್ಳಿ. ಸಿಸೇರಿಯನ್ ಆದವರು ಒಂದು ಸೈಜ್ ದೊಡ್ಡದು ತೆಗೆದುಕೊಳ್ಳಿ.

ಆದರೆ ಒಂದು ಎಚ್ಚರಿಕೆ. "ಗಂಟೆಗೆ ಒಂದು ಪ್ಯಾಡ್ ತೊಯ್ದರೆ ಡಾಕ್ಟರಿಗೆ ಹೇಳಿ" ಅನ್ನುವ ಲೆಕ್ಕ ಪ್ಯಾಡಿಗೆ ಮಾತ್ರ. ಡಯಾಪರ್ ಮೂತ್ರಕ್ಕೆ ಮಾಡಿದ್ದು, ಅದರ ಹೊಟ್ಟೆ ಪ್ಯಾಡಿಗಿಂತ ಎಷ್ಟೋ ದೊಡ್ಡದು. ಅದು ಪೂರ್ತಿ ತೊಯ್ಯುವವರೆಗೆ ಕಾಯ್ದರೆ ಅಷ್ಟರಲ್ಲಿ ಅಪಾಯ ಆಗಿಹೋಗಿರುತ್ತದೆ. ಮೊದಲ 24 ಗಂಟೆ ಡಯಾಪರ್ ಬೇಡ ಅಂತಲೇ ನಾನು ಹೇಳುತ್ತೇನೆ. ಬೇಕೇ ಬೇಕು ಅಂದರೆ ಅದರೊಳಗೆ ಒಂದು ಪ್ಯಾಡ್ ಇಟ್ಟು ಆ ಪ್ಯಾಡನ್ನು ಎಣಿಸಿ.

ಬಟ್ಟೆ ಬಳಸುವವರಿಗೆ

ಹಳೇ ಹತ್ತಿ ಸೀರೆ, ಪಂಚೆ ಮೆತ್ತಗಿರುತ್ತದೆ, ಚರ್ಮಕ್ಕೆ ಹಿತ. ಬಟ್ಟೆಯೇ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಕೆಡುವುದು ಒಣಗಿಸುವ ಜಾಗದಲ್ಲಿ. ಪುರುಡು, ಮೈಲಿಗೆ ಅಂತ ಬಚ್ಚಲಿನ ಮೂಲೆಯಲ್ಲೋ, ಬೇರೆ ಬಟ್ಟೆಯ ಅಡಿಯಲ್ಲೋ ಯಾರಿಗೂ ಕಾಣದಂತೆ ಹಾಕುತ್ತಾರೆ. ಅದು ಒಣಗುವುದೇ ಇಲ್ಲ. ಮಲೆನಾಡಿನ ಮಳೆಗಾಲದಲ್ಲಂತೂ ಮೂರು ದಿನವಾದರೂ ತಣ್ಣಗೇ ಇರುತ್ತದೆ. ಹಸಿ ಬಟ್ಟೆಯಲ್ಲಿ ಬೆಳೆದ ನಂಜು ಹಸಿ ಗಾಯಕ್ಕೆ ಹೋಗುತ್ತದೆ.

ಬಟ್ಟೆ ಬಳಸುವುದಾದರೆ ತಣ್ಣೀರಿನಲ್ಲಿ ನೆನೆಸಿ ರಕ್ತ ಬಿಟ್ಟ ಮೇಲೆ ಸೋಪು ಹಾಕಿ ಒಗೆದು, ಕುದಿಯುವ ನೀರಿನಲ್ಲಿ ಅದ್ದಿ, ನೇರ ಬಿಸಿಲಿನಲ್ಲಿ ಗರಿಗರಿಯಾಗುವವರೆಗೆ ಒಣಗಿಸಿ. ಬಿಸಿಲಿಲ್ಲದ ದಿನ ಇಸ್ತ್ರಿ ಹಾಕಿ. ಇಷ್ಟು ಮಾಡಲು ಮನೆಯಲ್ಲಿ ಆಗುವುದಿಲ್ಲ ಅಂದರೆ ಕನಿಷ್ಠ ಮೊದಲ ಎರಡು ವಾರ ಪ್ಯಾಡೇ ಇರಲಿ.

ಬದಲಾಯಿಸುವುದು, ಎಣಿಸುವುದು

ಮೂರರಿಂದ ನಾಲ್ಕು ಗಂಟೆಗೊಮ್ಮೆ ಬದಲಾಯಿಸಿ, ತುಂಬದೆ ಇದ್ದರೂ ಸರಿ. ಬದಲಾಯಿಸುವ ಮೊದಲೂ ಆಮೇಲೂ ಸೋಪಿನಿಂದ ಕೈ ತೊಳೆಯಿರಿ. ಬದಲಾಯಿಸಲು ಎದ್ದಾಗೆಲ್ಲ ಮೂತ್ರ ಮಾಡಿ ಬನ್ನಿ. ಮೂತ್ರಕೋಶ ತುಂಬಿದ್ದರೆ ಗರ್ಭಕೋಶ ಸರಿಯಾಗಿ ಬಿಗಿಯಾಗುವುದಿಲ್ಲ, ರಕ್ತ ಜಾಸ್ತಿ ಹೋಗುತ್ತದೆ. ಬಾಣಂತಿಗೆ ನೀರು ಕೊಡಬಾರದು ಅನ್ನುವ ಮನೆಗಳಿವೆ. ಹಾಲೂ ಬರಬೇಕು, ಮೂತ್ರವೂ ಹೋಗಬೇಕು, ನೀರು ಕುಡಿಯದೆ ಹೇಗೆ?

ಆಸ್ಪತ್ರೆಯಲ್ಲಿ ಇರುವಾಗ ಮೊದಲ ದಿನದ ಪ್ಯಾಡುಗಳನ್ನು ಸಿಸ್ಟರಿಗೆ ತೋರಿಸದೆ ಬಿಸಾಡಬೇಡಿ. ಅನುಮಾನ ಬಂದರೆ ಅವರು ಪ್ಯಾಡನ್ನು ತೂಕ ಮಾಡಿಯೂ ನೋಡುತ್ತಾರೆ. ಒಣ ಪ್ಯಾಡಿನ ತೂಕ ಕಳೆದರೆ ಒಂದು ಗ್ರಾಮಿಗೆ ಹೆಚ್ಚು ಕಡಿಮೆ ಒಂದು ಮಿಲಿಲೀಟರ್ ರಕ್ತ. ಮನೆಗೆ ಬಂದ ಮೇಲೆ ಮೊಬೈಲಿನಲ್ಲೋ ಕ್ಯಾಲೆಂಡರಿನ ಮೇಲೋ ದಿನಕ್ಕೆ ಎಷ್ಟು ಪ್ಯಾಡ್, ಯಾವ ಬಣ್ಣ ಅಂತ ಬರೆದಿಡಿ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28 ಮತ್ತು 42ನೇ ದಿನ ಆಶಾ ಕಾರ್ಯಕರ್ತೆ ಮನೆಗೆ ಬರಬೇಕು. ಮಗುವಿನ ತೂಕ ನೋಡುವುದರ ಜೊತೆಗೆ ದಿನಕ್ಕೆ ಎಷ್ಟು ಪ್ಯಾಡ್ ಅಂತ ತಾಯಿಯನ್ನೂ ಕೇಳುತ್ತಾರೆ. "ಎಲ್ಲಾ ಚೆನ್ನಾಗಿದೆ ಅಕ್ಕ" ಅಂತ ಸುಮ್ನೆ ಹೇಳಿ ಕಳಿಸಬೇಡಿ, ಬರೆದದ್ದನ್ನು ತೋರಿಸಿ.

ಇನ್ನು ನಾನು ಕೈಮುಗಿದು ಹೇಳುವ ಮಾತು. ಜಾಸ್ತಿ ರಕ್ತ ಹೋಗುತ್ತಿದೆ ಅಂದರೆ ಹಿರಿಯರು "ಕೆಟ್ಟ ರಕ್ತ ಎಲ್ಲಾ ಹೋಗ್ಲಿ ಬಿಡು, ಒಳ್ಳೇದೇ" ಅನ್ನುತ್ತಾರೆ. ಪ್ರೀತಿಯಿಂದಲೇ ಅನ್ನುತ್ತಾರೆ. ಆದರೆ ಹೋಗುತ್ತಿರುವುದು ಕೆಟ್ಟ ರಕ್ತ ಅಲ್ಲ, ನಿಮ್ಮ ಮೈಯ ರಕ್ತ. ಹೆರಿಗೆಯ ನಂತರದ ರಕ್ತಸ್ರಾವದಿಂದ ತಾಯಂದಿರು ಸಾಯುತ್ತಾರೆ. ಈ ಲಕ್ಷಣ ಕಂಡರೆ ಯಾರ ಅಪ್ಪಣೆಗೂ ಕಾಯಬೇಡಿ, ಆಸ್ಪತ್ರೆಗೆ ಹೋಗಿ ಅಥವಾ 108ಕ್ಕೆ ಫೋನ್ ಮಾಡಿ:

- ಒಂದು ಗಂಟೆಯೊಳಗೆ ಒಂದು ದಪ್ಪ ಪ್ಯಾಡ್ ಪೂರ್ತಿ ತೊಯ್ಯುವುದು. ಮುಂದಿನ ಗಂಟೆಯೂ ಹಾಗೇ ಆದರೆ ಒಂದು ನಿಮಿಷವೂ ತಡ ಬೇಡ.
- ನಿಂಬೆಹಣ್ಣಿಗಿಂತ ದೊಡ್ಡ ಗಡ್ಡೆ ಬೀಳುವುದು.
- ಕಣ್ಣು ಕತ್ತಲೆ ಬರುವುದು, ಎದೆ ಡವಡವ, ಮೈ ತಣ್ಣಗಾಗಿ ಬೆವರುವುದು.
- ಕೊಳೆತ ವಾಸನೆ, 100.4 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚು ಜ್ವರ, ಕಿಬ್ಬೊಟ್ಟೆ ನೋವು.

ಮುಟ್ಟಿನ ರಕ್ತದಂಥ ವಾಸನೆ ಇದ್ದೇ ಇರುತ್ತದೆ, ಅದು ಸಹಜ. ಕೊಳೆತ ನಾತ ಸಹಜ ಅಲ್ಲ. "ಬಾಣಂತಿ ವಾಸನೆ" ಅಂತ ಸಾಂಬ್ರಾಣಿ ಹೊಗೆ ಹಾಕಿ ಸುಮ್ಮನಾಗಬೇಡಿ. ಕಂದು ಬಣ್ಣಕ್ಕೆ ತಿರುಗಿದ್ದು ಮತ್ತೆ ಕೆಂಪಾದರೆ ಮೊದಲು ಮಲಗಿ. ಮೆಟ್ಟಿಲು ಹತ್ತಿದ್ದಕ್ಕೋ, ನೀರಿನ ಬಕೆಟ್ ಎತ್ತಿದ್ದಕ್ಕೋ ಹಾಗಾಗಿರಬಹುದು. ವಿಶ್ರಾಂತಿ ತೆಗೆದುಕೊಂಡರೂ ನಿಲ್ಲದಿದ್ದರೆ ಡಾಕ್ಟರಿಗೆ ತೋರಿಸಿ.

ಹತ್ತು ದಿನ ದಾಟಿದ ಮೇಲೆ

ಇಲ್ಲಿಂದ ದುಡ್ಡು ಉಳಿಸಬಹುದು. ದಪ್ಪ ಪ್ಯಾಡ್ ಬಿಟ್ಟು ಮಾಮೂಲಿ ಪ್ಯಾಡಿಗೆ ಬನ್ನಿ, ದಿನಕ್ಕೆ ನಾಲ್ಕೈದು ಸಾಕಾಗುತ್ತದೆ. ಜನೌಷಧಿ ಕೇಂದ್ರಗಳಲ್ಲಿ ಸಿಗುವ ಸುವಿಧಾ ಪ್ಯಾಡ್ 2019ರ ಆಗಸ್ಟ್‌ನಿಂದ ಒಂದಕ್ಕೆ 1 ರೂಪಾಯಿ. ಮೊದಲ ದಿನಗಳಿಗೆ ಅದು ಸಾಲದು, ಈ ಹಂತಕ್ಕೆ ಧಾರಾಳ. ಮೂರು ನಾಲ್ಕನೇ ವಾರದ ಬಿಳಿ ಸ್ರಾವಕ್ಕೆ ತೆಳು ಪ್ಯಾಂಟಿ ಲೈನರ್ ಅಥವಾ ಚೊಕ್ಕ ಬಟ್ಟೆಯ ಪ್ಯಾಡ್ ಆಯಿತು. ಮುಟ್ಟಿನ ದಿನಗಳಲ್ಲಿ ಒಳಗೆ ಇಟ್ಟುಕೊಳ್ಳುವ ಕಪ್, ಟ್ಯಾಂಪೂನ್ ಬಳಸುತ್ತಿದ್ದವರು ಆರು ವಾರದ ಚೆಕಪ್‌ನಲ್ಲಿ ಡಾಕ್ಟರ್ ಸರಿ ಅನ್ನುವವರೆಗೆ ಅದನ್ನು ಮುಟ್ಟಬೇಡಿ. ಒಳಗಿನ ಗಾಯಕ್ಕೆ ನಂಜು ಹತ್ತುತ್ತದೆ.

ಬಳಸಿದ್ದನ್ನು ಟಾಯ್ಲೆಟ್ಟಿಗೆ ಹಾಕಬೇಡಿ, ಒಲೆಗೂ ಬೇಡ. ಪೇಪರಿನಲ್ಲಿ ಬಿಗಿಯಾಗಿ ಸುತ್ತಿ, ಮೇಲೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ, ಹಸಿ ಕಸ ಒಣ ಕಸಕ್ಕೆ ಬೆರೆಸದೆ ಬೇರೆಯಾಗಿ ಕೊಡಿ. ಕಸದ ಗಾಡಿಯಲ್ಲಿ ಅದನ್ನು ಕೈಯಿಂದ ಬೇರ್ಪಡಿಸುವವರೂ ಹೆಣ್ಣುಮಕ್ಕಳೇ ಇರುತ್ತಾರೆ.

ಪ್ಯಾಕೆಟ್ ಉಳಿದರೆ ಮುಂದಿನ ಹೆರಿಗೆಗೆ ಅಂತ ವರ್ಷಗಟ್ಟಲೆ ಎತ್ತಿಡಬೇಡಿ. ಅಂಟು ಹೋಗುತ್ತದೆ, ತೇವ ಎಳೆದುಕೊಳ್ಳುತ್ತದೆ. ನನ್ನ ತಂಗಿಯ ಹತ್ತಿರ ಒಡೆಯದ ಒಂದು ಪ್ಯಾಕೆಟ್ ಉಳಿದಿತ್ತು. ಎದುರು ಮನೆಯ ಹುಡುಗಿಗೆ ಕೊಟ್ಟೆವು, ಅವಳಿಗೆ ಆಗ ಎಂಟನೇ ತಿಂಗಳು. ಜೊತೆಗೆ ಅವಳ ಗಂಡನನ್ನೂ ಕರೆದು ಕೂರಿಸಿ, ಅಂಗಡಿಯಲ್ಲಿ ಏನು ಕೇಳಬೇಕು ಅಂತ ಅವನ ಮೊಬೈಲಿನಲ್ಲೇ ಬರೆಸಿದೆವು.